ಅತ್ತೆಯ ಹಾಡಿಗೆ ಮೂರು ಪಿನ್ನಿನ ಕೇಬಲ್

ಅತ್ತೆಯ ಗಂಟಲಿನ ಥೈರಾಯಿಡ್ ಗಂಟು ತೆಗೆಯಬೇಕೆಂದು ಡಾಕ್ಟರು ಹೇಳಿದಾಗ ನಾನು ಆಪರೇಶನ್ನಿಗೆ ಹೆದರಲಿಲ್ಲ, ಆಮೇಲೆ ಅವರು ಮೆಲ್ಲಗೆ ಸೇರಿಸಿದ ಮಾತಿಗೆ ಹೆದರಿದೆ. ದನಿಯ ನರ ಅಲ್ಲೇ ಹಾದುಹೋಗುತ್ತದೆ, ದನಿ ಬದಲಾದರೂ ಆಗಬಹುದು ಎಂದರು. ಅತ್ತೆ ತಲೆಯಾಡಿಸಿ ಹೊರಬಂದು ಆಟೋ ಹತ್ತಿದರು. ಠಾಣೆಯ ವರ್ತಕ್ ನಗರದ ನಮ್ಮ ಮನೆ ಬರುವತನಕ ಕೊತ್ತಂಬರಿ ಎಷ್ಟು ತುಟ್ಟಿಯಾಗಿದೆ ಎಂಬುದೇ ಅವರ ಮಾತು. ನನಗೆ ಸಿಟ್ಟು ಬಂತು. ಹೆದರಿದಾಗಲೆಲ್ಲ ನನಗೆ ಬರುವುದು ಸಿಟ್ಟೇ.

ಉಡುಪಿ ಕಡೆಯ ಮದುವೆಗಳಲ್ಲಿ ಹೆಂಗಸರು ಹಾಡುವ ಆರತಿ ಹಾಡು, ಮದುಮಕ್ಕಳು ಅರಿಸಿನ ಹಚ್ಚಿಕೊಳ್ಳುವಾಗಿನ ಉರುಟಣೆ ಹಾಡು, ಎದುರು ಪಕ್ಷದವರ ಮೂಗು, ಹೊಟ್ಟೆ, ಜಿಪುಣತನವನ್ನೆಲ್ಲ ರಾಗವಾಗಿ ಆಡಿಕೊಳ್ಳುವ ಬೀಗರ ಹಾಡು, ಇವೆಲ್ಲ ನಮ್ಮ ನೆಂಟರಲ್ಲಿ ಈಗ ಅತ್ತೆಯ ಬಾಯಲ್ಲಿ ಮಾತ್ರ ಉಳಿದಿವೆ. ಡೊಂಬಿವಲಿಯಲ್ಲಿ ಮದುವೆಯಾದರೂ ಠಾಣೆಯಲ್ಲಾದರೂ ಅವರಿಗೇ ಫೋನು ಬರುತ್ತದೆ. ನಾನು ಧಾರವಾಡದವಳು. ನನ್ನ ಮದುವೆಯಲ್ಲಿ ನಮ್ಮಪ್ಪನ ಬಕ್ಕತಲೆಯ ಮೇಲೆ ಅವರು ಹಾಡಿದ್ದನ್ನು ನಮ್ಮ ಕಡೆಯವರು ಇನ್ನೂ ಮರೆತಿಲ್ಲ. ಬರೆದಿಡಿ ಎಂದರೆ, ಬರೆದರೆ ರಾಗವನ್ನು ಎಲ್ಲಿಡಲಿ ಎನ್ನುತ್ತಿದ್ದರು.

ಆಸ್ಪತ್ರೆಗೆ ಸೇರುವ ಮೊದಲೇ ರೆಕಾರ್ಡ್ ಮಾಡಿಬಿಡಬೇಕೆಂದು ಹೊರಟೆ. ಕಾಲೇಜಿನ ಬ್ಯಾಂಡಿಗಾಗಿ ಮಗಳ ಬಳಿ ಒಂದು ಮೈಕು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ ಇದ್ದವು. ಕಂಪ್ಯೂಟರು ಹೊರಕೋಣೆಯ ಮೂಲೆಯಲ್ಲಿ. ಅತ್ತೆ ಕೂತದ್ದು ಅಡುಗೆಮನೆಯಲ್ಲಿ, ದೇವರ ಗೂಡಿನ ಮುಂದೆ ಮಣೆ ಹಾಕಿಕೊಂಡು. ಶುಭದ ಹಾಡನ್ನು ದೀಪದ ಎದುರೇ ಹಾಡಬೇಕಂತೆ. ಮೈಕಿನ ಜೊತೆ ಬಂದಿದ್ದ ಉದ್ದ ಕೇಬಲ್ಲು ಯಾರ ಕಾಲಿಗೂ ತೊಡರಬಾರದೆಂದು, ಗೋಡೆಯ ಬುಡದಲ್ಲಿ ಮೊದಲೇ ಇದ್ದ ಇನ್ನೊಂದು ವೈರಿನ ಪಕ್ಕಕ್ಕೇ ಒತ್ತಿಸಿ, ಟೇಪು ಹಚ್ಚಿ ನೀಟಾಗಿ ಎಳೆದೆ.

ಅತ್ತೆ ಹಾಡಿದರು. ಮಗಳು ಹೆಡ್‌ಫೋನ್ ತೆಗೆದು ನನ್ನ ಕಿವಿಗಿಟ್ಟಳು. ಹಾಡಿನ ಅಡಿಯಲ್ಲಿ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಫ್ರಿಜ್ ನಿಲ್ಲಿಸಿದೆವು, ಫ್ಯಾನು, ಟ್ಯೂಬ್‌ಲೈಟು ಆರಿಸಿದೆವು. ಹೋಗಲಿಲ್ಲ. ಉಳಿದದ್ದು ದೇವರ ಗೂಡಿನ ಪುಟ್ಟ ಕರೆಂಟು ದೀಪ ಒಂದೇ.

ಅದು ನಮ್ಮ ಮನೆಯ ನಂದಾದೀಪ. ಫ್ಲ್ಯಾಟಿನ ಕಟ್ಟಿಗೆಯ ಗೂಡಿನಲ್ಲಿ ಇಡೀ ರಾತ್ರಿ ಎಣ್ಣೆ ದೀಪ ಉರಿಸುವುದು ಅಪಾಯವೆಂದು ಮಾವ ಗೃಹಪ್ರವೇಶದ ದಿನ ಹಾಕಿಸಿದ್ದರು. ಕರೆಂಟು ಹೋದರೂ ಆರದಿರಲೆಂದು ಇನ್ವರ್ಟರಿನಿಂದಲೇ ಅದಕ್ಕೆ ಬೇರೆ ವೈರು ಎಳೆಸಿದ್ದರು. ಈಗ ಮಾವ ಇಲ್ಲ. ಎಣ್ಣೆ ದೀಪ ಹಚ್ಚಿಟ್ಟುಕೊಂಡು ಇದನ್ನು ಸ್ವಲ್ಪ ಹೊತ್ತು ಆರಿಸೋಣ ಎಂದೆ.

"ಅವರು ಹಚ್ಚಿದ ದೀಪ ಅದು. ನಾನು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಆರಿಸುವುದಾ? ಹಾಡು ಹೋದರೆ ಹೋಗಲಿ ಮಾರಾಯ್ತಿ," ಎಂದರು ಅತ್ತೆ.

"ಹೋದ್ರ ಹೋಗ್ಲಿ ಅನ್ನಬ್ಯಾಡ್ರಿ ಅತ್ತೆ. ನನಗ ಬೇಕಾಗ್ಯದ," ಎಂದೆ. ಅವರು ಮಣೆಯಿಂದೆದ್ದು ಚಹಾಕ್ಕೆ ನೀರಿಟ್ಟರು.

ನನ್ನ ಕೆಲಸ ರಬಾಳೆಯ ಒಂದು ಕಾರ್ಖಾನೆಯಲ್ಲಿ ಕಂಟ್ರೋಲ್ ಪ್ಯಾನೆಲ್‌ಗಳನ್ನು ತಪಾಸಣೆ ಮಾಡುವುದು. ಮರುದಿನ ಒಂದು ಪ್ಯಾನೆಲ್ ತೆರೆದರೆ, ಸೆನ್ಸರಿನ ಸಣ್ಣ ವೈರನ್ನು ಮೋಟರಿನ ವೈರಿನ ಜೊತೆ ಒಂದೇ ಕಟ್ಟಿನಲ್ಲಿ ಬಿಗಿದಿದ್ದರು. ಹಾಗೆ ಮಾಡಿದರೆ ಮೋಟರಿನ ಕರೆಂಟಿನ ಗದ್ದಲ ಸೆನ್ಸರಿನ ವೈರಿಗೂ ನುಗ್ಗುತ್ತದೆ. ಯಾರು ಮಾಡಿದ್ದು ಇದನ್ನು ಎಂದು ರೇಗಲು ಬಾಯಿ ತೆರೆದವಳಿಗೆ ತಟ್ಟನೆ ಹೊಳೆಯಿತು. ಮನೆಯಲ್ಲಿ ನಾನು ನೀಟಾಗಿ ಟೇಪು ಹಚ್ಚಿ ಮಾಡಿಟ್ಟಿದ್ದೂ ಇದನ್ನೇ. ದೀಪದ ವೈರಿಗೆ ಹಾಡಿನ ವೈರನ್ನು ಕಟ್ಟಿಹಾಕಿದ್ದೆ. ನಕ್ಕುಬಿಟ್ಟೆ. ಮೇಡಮ್‌ಗೆ ಏನಾಯಿತೋ ಎಂದು ಜೊತೆಯವರು ಮುಖ ಮುಖ ನೋಡಿಕೊಂಡರು.

ಸಂಜೆ ಠಾಣೆಗೆ ಬಂದು ಇಳಿದು, ಮನೆಗೆ ಹೋಗದೆ ಕಲ್ಯಾಣ್ ಲೋಕಲ್ ಹಿಡಿದೆ. ಅಲ್ಲಿ ಆರ್ಕೆಸ್ಟ್ರಾದವರ ಸಾಮಾನು ಮಾರುವ ಅಂಗಡಿಯಲ್ಲಿ ಎರಡೂ ತುದಿಗೆ ಮೂರು ಪಿನ್ನಿರುವ ಕೇಬಲ್ ಕೊಂಡೆ. ನಮ್ಮಲ್ಲಿದ್ದದ್ದು ಅನ್‌ಬ್ಯಾಲೆನ್ಸ್ಡ್. ಒಳಗೆ ದನಿ ಹೊರುವ ತಂತಿ ಒಂದೇ, ಸುತ್ತ ಒಂದು ಜಾಲರಿ. ಉದ್ದವಾದಷ್ಟೂ ದಾರಿಯಲ್ಲಿ ಸಿಕ್ಕ ಸದ್ದನ್ನೆಲ್ಲ ಹೊತ್ತು ತರುತ್ತದೆ. ಹೊಸದು ಬ್ಯಾಲೆನ್ಸ್ಡ್. ಅದರಲ್ಲಿ ದನಿ ಎರಡು ತಂತಿಗಳಲ್ಲಿ ಹೋಗುತ್ತದೆ, ಒಂದರಲ್ಲಿ ಇದ್ದ ಹಾಗೆ, ಇನ್ನೊಂದರಲ್ಲಿ ತಿರುವುಮುರುವಾಗಿ. ಹೊರಗಿನ ಗುಂಯ್ ಮಾತ್ರ ಎರಡಕ್ಕೂ ಒಂದೇ ಥರ ಅಂಟುತ್ತದೆ. ಮಗಳ ಆ ಪುಟ್ಟ ಪೆಟ್ಟಿಗೆಯು ಎರಡನೆಯ ತಂತಿಯದನ್ನು ಮತ್ತೆ ತಿರುಗಿಸಿ ಕೂಡಿಸಿದಾಗ ದನಿಗೆ ದನಿ ಸೇರುತ್ತದೆ, ಗುಂಯ್ ಗುಂಯ್‌ಗೆ ವಜಾ ಆಗುತ್ತದೆ. ಇದನ್ನು ಅತ್ತೆಗೆ ವಿವರಿಸಿದೆ. ಎರಡು ಕಡೆಯ ಬೀಗರೂ ಬೈದಾಡಿಕೊಂಡು ಸುಸ್ತಾದ ಮೇಲೆ ಮದುವೆ ಸುಸೂತ್ರ ನಡೆದ ಹಾಗೆ, ಅಲ್ವಾ ಎಂದರು.

ಟೇಪು ಕಿತ್ತು, ಹೊಸ ಕೇಬಲ್ಲನ್ನು ಎದುರಿನ ಗೋಡೆಯ ಕಡೆಯಿಂದ ತಂದೆ. ದೀಪ ಉರಿಯುತ್ತಲೇ ಇತ್ತು. ಅತ್ತೆ ಶುರು ಮಾಡಿದರು. ಮನೆಯಲ್ಲಿ ಕನ್ನಡ ಕೇಳಿ ಹಿಂದಿಯಲ್ಲೇ ಉತ್ತರಿಸುವ ಮಗಳು ಹೆಬ್ಬೆರಳು ಎತ್ತಿ, "ಏಕ್‌ದಮ್ ಕ್ಲಿಯರ್ ಹೈ ಅಜ್ಜಿ," ಎಂದಳು. ಆಸ್ಪತ್ರೆಯ ದಿನ ಬರುವತನಕ ಪ್ರತಿ ಸಂಜೆ ಹಾಡಿಸಿದೆವು. ಪಕ್ಕದ ಮನೆಯ ಕುಕ್ಕರಿನ ಸೀಟಿ ಅಲ್ಲಲ್ಲಿ ಉಳಿದಿದೆ, ಅದನ್ನು ತಡೆಯುವ ಕೇಬಲ್ಲು ಯಾವುದೂ ಇಲ್ಲ.

ಆಪರೇಶನ್ ಚೆನ್ನಾಗಿಯೇ ಆಯಿತು. ದನಿ ಮಾತ್ರ ಒಡೆದು, ಗಾಳಿ ಬೆರೆತು ಬರುತ್ತಿತ್ತು. ನಿಧಾನಕ್ಕೆ ಸುಧಾರಿಸುತ್ತದೆ ಎಂದರು ಡಾಕ್ಟರು. ಒಂದು ಭಾನುವಾರ ಅತ್ತೆಯ ಕಿವಿಗೆ ಹೆಡ್‌ಫೋನ್ ಇಟ್ಟು ಅವರ ಹಾಡನ್ನೇ ಹಾಕಿದೆ. ಅಳುತ್ತಾರೇನೋ ಎಂದು ಪಕ್ಕದಲ್ಲೇ ಕೂತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಾ ಇದ್ದವರು ಹುಬ್ಬು ಗಂಟಿಕ್ಕಿ ಕೈ ಎತ್ತಿದರು. ಆರತಿ ಹಾಡಿನಲ್ಲಿ ಒಂದು ನುಡಿ ಬಿಟ್ಟುಹೋಗಿದೆಯಂತೆ. ದನಿ ಪೂರ್ತಿ ಬರಲಿ, ಆಮೇಲೆ ನೋಡೋಣ ಎಂದೆ.

"ಅಷ್ಟರವರೆಗೆ ಹಾಡು ಅರ್ಧ ಇರುವುದಾ? ಮೈಕು ಹಾಕು," ಎಂದರು, ಆ ಒಡಕು ದನಿಯಲ್ಲೇ.

ಹಾಡಿದರು. ಮೇಲಕ್ಕೇರುವಲ್ಲಿ ದನಿ ಮುರಿಯಿತು. ನೀರು ಕುಡಿದು ಮತ್ತೆ ಮೊದಲಿನಿಂದ ಹಾಡಿದರು. ಅತ್ತದ್ದು ನಾನು. ಮಗಳು ಆ ನುಡಿಯನ್ನು ಹಾಡಿನ ನಡುವೆ ಅದರ ಜಾಗಕ್ಕೇ ಕೂರಿಸಿದಳು. ಈಗ ಆ ಹಾಡು ಹಾಕಿದರೆ ಅರ್ಧದಲ್ಲಿ ಅತ್ತೆಯ ದನಿ ಒಡೆಯುತ್ತದೆ. ಒಂದು ನುಡಿ ಹಾಗೇ ಸಾಗಿ, ಆಮೇಲೆ ಮತ್ತೆ ತಿಳಿಯಾಗುತ್ತದೆ.