ಮುಖ ಕಾಣುವ ಹಾಸುಗಲ್ಲು

ನಾಸಿಕದ ನಮ್ಮ ಚೌಕ ಆಗ ಬರೀ ಮಣ್ಣಿನ ನೆಲ. ನಡುವೆ ಒಂದು ಬೇವಿನ ಮರ. ಕೀರ್ತನೆಯಿರಲಿ, ಗಣಪತಿಯಿರಲಿ, ಯಾರದೋ ಮನೆಯ ಮದುವೆ ಊಟವಿರಲಿ, ಎಲ್ಲ ಅಲ್ಲೇ. ಮಳೆಗಾಲದಲ್ಲಿ ಗೋಣಿತಟ್ಟು ಹಾಸಿ, ಮೇಲೆ ಜಮಖಾನೆ ಹಾಸಿದರೂ ಕೂತವರು ಎದ್ದಾಗ ಹಿಂಭಾಗಕ್ಕೆಲ್ಲ ಕೆಸರಿನ ಮುದ್ರೆ. ಅರವತ್ತರ ದಶಕದ ಕೊನೆಯಲ್ಲಿ ನಾನು ಔರಂಗಾಬಾದಿನಿಂದ ಸೊಸೆಯಾಗಿ ಬಂದ ವರ್ಷವೇ ಓಣಿಯ ಹಿರಿಯರು ಕೂತು ಮಾತಾಡಿದರು. ನೆಲ ಎತ್ತರಿಸಿ ಕಲ್ಲು ಹಾಸಬೇಕು, ಮರಕ್ಕೆ ಕಟ್ಟೆ ಕಟ್ಟಬೇಕು, ದೀಪದ ಕಂಬ ನಿಲ್ಲಿಸಬೇಕು ಎಂದಾಯಿತು.

"ಕಲ್ಲು ನನ್ನ ಕಡಿಂದ," ಎಂದುಬಿಟ್ಟರು ನಮ್ಮ ಮಾವ.

ಅವರದು ಕಲ್ಲಿನ ವ್ಯಾಪಾರ. ಗುಲಬರ್ಗಾ ಕಡೆಯ ಶಹಾಬಾದ್ ಕಲ್ಲು ತರಿಸಿ ನಾಸಿಕದ ಮನೆಗಳಿಗೆ ಹಾಕಿಸುತ್ತಿದ್ದರು. ಬಂದು ಎಷ್ಟೋ ವರ್ಷವಾಗಿದ್ದರೂ ಓಣಿಗೆ ಅವರು 'ಕಾನಡಿ ಶೇಠ್', ಕನ್ನಡದ ಸಾಹುಕಾರ. ಅದು ಬೈಗುಳವಲ್ಲ, ಆದರೆ ಒಳಗೆ ಕರೆದು ಕೂರಿಸುವ ಹೆಸರೂ ಅಲ್ಲ. ಗಣಪತಿಯ ಆರತಿಗೆ ಎಲ್ಲರನ್ನೂ ಕರೆದಾದ ಮೇಲೆ ನೆನಪಾಗುವ ಮನೆ ನಮ್ಮದು. ಊರು ತುಳಿಯುವ ನೆಲ ತಮ್ಮ ಕಲ್ಲಿನದಾದರೆ ತಾವೂ ಊರಿನವರಾದೇವು ಎಂಬ ಆಸೆ ಮಾವನಿಗೆ. ಬಾಯಿಬಿಟ್ಟು ಹೇಳಿದವರಲ್ಲ, ಆದರೆ ಊಟಕ್ಕೆ ಕೂತರೆ ಚೌಕ ಬಿಟ್ಟು ಬೇರೆ ಮಾತಿರಲಿಲ್ಲ.

ನಮ್ಮ ಕಡೆ ನೆಲದ ಮರ್ಯಾದೆ ಹೊಳಪಿನಲ್ಲಿ. ನನಗೆ ಕನ್ನಡ ಕಲಿಸಿದ ಬೀದರದ ಅಜ್ಜಿ ಹೇಳುತ್ತಿದ್ದಳು: "ಬೀಗರ ಮನಿಗಿ ಹೋದ್ರ ಮೊದ್ಲು ನೆಲ ನೋಡ್ಬೇಕು, ಆಮ್ಯಾಲ ಹುಡುಗನ್ನ." ಮಾವ ಚೌಕದ ಕಲ್ಲುಗಳನ್ನೂ ನೀರು ಹಾಕಿ ತಿಕ್ಕಿಸಿ ತಿಕ್ಕಿಸಿ ಪಾಲಿಶ್ ಮಾಡಿಸಿದರು.

"ಕಲ್ಲಿನ್ಯಾಗ ಮುಖ ಕಾಣಬೇಕು, ಮುಖ!"

"ಚೌಕದಾಗ ಮುಖ ನೋಡಿ ಕುಂಕುಮ ಹಚ್ಕೊಳ್ಳಾವ್ರು ಯಾರದಾರ?" ಎಂದರು ಅತ್ತೆ. ನಾವೆಲ್ಲ ನಕ್ಕೆವು, ಮಾವನೂ ನಕ್ಕರು. ಅವರು ಅಲ್ಲಿಯತನಕ ಹಾಕಿಸಿದ ಕಲ್ಲೆಲ್ಲ ಸೂರಿನ ಕೆಳಗಿನದು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಕೆಲಸ ಶ್ರಾವಣಕ್ಕೆ ಮುಗಿಯಿತು. ಹೊಳಪು ಕೆಡಬಾರದೆಂದು ಹೊದಿಸಿದ್ದ ಗೋಣಿತಟ್ಟುಗಳನ್ನು ನಾಗರ ಪಂಚಮಿಯ ಬೆಳಿಗ್ಗೆಯೇ ತೆಗೆದದ್ದು. ಬೇವಿಗೆ ಜೋಕಾಲಿ ಕಟ್ಟಿದ್ದರು. ಓಣಿಯ ಹೆಂಗಸರೆಲ್ಲ ಹಸಿರು ಬಳೆ ತೊಟ್ಟು ಬಂದರು. ಮಾವ ಕಟ್ಟೆಯ ಮೇಲೆ ರುಮಾಲು ಸುತ್ತಿಕೊಂಡು ಹಿರಿಯರ ಸಾಲಿನಲ್ಲಿ ಕೂತಿದ್ದರು. ಘೋಟಿಯ ಘಟ್ಟದ ಕಡೆಯಿಂದ ಬಂದ ಒಂದು ತುಂತುರು ಆಗಷ್ಟೇ ಕಲ್ಲು ತೋಯಿಸಿ ಹಾದುಹೋಗಿತ್ತು.

ಎದುರು ಮನೆಯ ಕಾಕು, ಓಣಿಗೆಲ್ಲ ಚಿಕ್ಕಮ್ಮ, ನನ್ನನ್ನು ಕೈಹಿಡಿದು ಎಳೆದಳು. "ಮೊದಲ ಫುಗಡಿ ಶೇಠಜೀ ಸೊಸೆ ಜೋಡಿ! ನೆಲ ಅವರದು, ಮಾನವೂ ಅವರದು," ಎಂದು ಮರಾಠಿಯಲ್ಲಿ ಕೂಗಿದಳು. ಇಬ್ಬರೂ ಕೈ ಕತ್ತರಿ ಹಾಕಿ ಹಿಡಿದು, ಪಾದ ಕೂಡಿಸಿ, ಹಿಂದಕ್ಕೆ ಜೋತುಬಿದ್ದು ಗಿರಗಿರ ತಿರುಗುವ ಆಟ ಅದು. ನಾಲ್ಕು ಸುತ್ತಿಗೇ ನನ್ನ ಪಾದ ನೆಲದ ಮೇಲಿರಲಿಲ್ಲ. ಕಾಕು ಕೆಳಗೆ, ನಾನು ಅವಳ ಮೇಲೆ. ಆಟವೆಂದುಕೊಂಡು ಮಂದಿ ನಕ್ಕರು. ಎಬ್ಬಿಸಲು ಓಡಿಬಂದ ಇಬ್ಬರು ಜಾರಿ ಬಿದ್ದಾಗ ಇನ್ನೂ ಜೋರಾಗಿ ನಕ್ಕರು. ಕಾಕುವಿನ ಮಣಿಕಟ್ಟು ಸೊಟ್ಟಗೆ ತಿರುಗಿದ್ದು ಕಂಡ ಮೇಲೆ ಯಾರೋ ಟಾಂಗಾ ಕರೆಯಲು ಓಡಿದರು.

"ಶೇಠಜೀ, ಮುಂದಿನ ಸಲ ಎಣ್ಣೆನೂ ಸವರಿಸಿಬಿಡಿ!" ಕಟ್ಟೆಯ ಹಿಂದಿನಿಂದ ಯಾರೋ ಅಂದರು.

ಮಾವ ತಾಂಬೂಲದ ತಟ್ಟೆಯನ್ನು ಪಕ್ಕಕ್ಕಿಟ್ಟು ಎದ್ದರು. ಸಂಜೆಗೆ ಓಣಿಯ ಮಕ್ಕಳು ಆ ನೆಲದ ಮೇಲೆ ಓಡಿ ಓಡಿ ಜಾರುತ್ತ ಕೇಕೆ ಹಾಕುವುದು ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ಮಾಡಿದ ಕಡುಬು ಹಾಗೇ ಇತ್ತು.

"ಅಪ್ಪಾ, ಈಗೇ ಮಂದಿ ಕರಸ್ತೀನಿ. ಚಾಣ ಹೊಡಿಸಿ ಕಲ್ಲು ಒರಟ ಮಾಡಿಸೋಣು," ಎಂದರು ನಮ್ಮ ಮನೆಯವರು.

"ಪಂಚಮಿ ದಿನ ನಾವು ಈಳಿಗಿ ಸುದ್ದಾ ಮುಟ್ಟಿಲ್ಲ. ನೆಲಕ್ಕ ಕಬ್ಬಿಣ ಹಚ್ತೀಯೇನು?" ಅತ್ತೆ ಗದರಿದರು.

ಹಬ್ಬದ ದಿನ ನೆಲ ಅಗೆಯುವಂತಿಲ್ಲ, ಕಡಿಯುವಂತಿಲ್ಲ. ತಪ್ಪನ್ನು ಕಣ್ಣಮುಂದೆ ಇಟ್ಟುಕೊಂಡು ಬೆಳಗಾಗುವತನಕ ಕೂರಬೇಕಿತ್ತು. ಮಾವ ಒಲೆಯ ಬೂದಿಯನ್ನು ಬುಟ್ಟಿಗೆ ತುಂಬಿಕೊಂಡು ಹೋಗಿ, ಯಾರೂ ಜಾರದಿರಲೆಂದು ಅಷ್ಟು ತಿಕ್ಕಿಸಿದ ಕಲ್ಲಿನ ಮೇಲೆ ತಾವೇ ಚೆಲ್ಲಿ ಬಂದರು.

ಮರುದಿನ ಬೆಳಿಗ್ಗೆ ಟಣ್ ಟಣ್ ಸದ್ದು. ನೋಡಿದರೆ ಮಾವ ಧೋತರ ಮೇಲೆ ಕಟ್ಟಿ, ನಡುಚೌಕದಲ್ಲಿ ಕುಕ್ಕರಗಾಲಲ್ಲಿ ಕೂತು, ಉಳಿ ಸುತ್ತಿಗೆ ಹಿಡಿದು ಚಾಣ ಹೊಡೆಯುತ್ತಿದ್ದಾರೆ. ಕೈ ಅಳುಕುತ್ತಿರಲಿಲ್ಲ. ಹರೆಯದಲ್ಲಿ ಅವರು ಶಹಾಬಾದಿನ ಗಣಿಯಲ್ಲಿ ಕಲ್ಲು ಒಡೆದವರೆಂದು ನನಗೆ ಗೊತ್ತಾದದ್ದು ಅಂದು. ಮದುವೆಯ ಮಾತುಕತೆಯಲ್ಲಿ ಆ ಸುದ್ದಿ ಬಂದಿರಲೇ ಇಲ್ಲ. ಈಗ ಓಣಿಗೆಲ್ಲ ಗೊತ್ತಾಯಿತು.

"ಅಪ್ಪಾ, ಏಳ್ರಿ. ಮಂದಿ ನೋಡ್ಲಕತ್ತಾರ," ಎಂದರು ನಮ್ಮ ಮನೆಯವರು.

"ನೋಡ್ಲಿ. ನಾ ಮಾಡಿದ ತಪ್ಪಿಗಿ ಕೂಲಿಯವ ಯಾಕ ಬಗ್ಗಬೇಕು?"

ಚಹಾ ಒಯ್ಯುವ ಕೆಲಸ ನನ್ನದು. ಬಾಗಿಲಿನಿಂದ ಅಲ್ಲಿಗೆ ದೂರವೇನಿಲ್ಲ, ಆದರೆ ಎಲ್ಲ ಕಿಟಕಿಗಳೂ ತೆರೆದಿದ್ದವು. ಸೆರಗು ಮೂಗಿನತನಕ ಎಳೆದುಕೊಂಡು, ನೆಲ ನೋಡುತ್ತಲೇ ಹೋದೆ. ಇನ್ನೂ ಚಾಣ ಬೀಳದ ಕಲ್ಲಿನಲ್ಲಿ ಮಾವನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಮೇಲೆಯೇ ಅವರು ಮುಂದಿನ ಏಟು ಹಾಕಿದರು.

ಕಾಕು ಕೈಗೆ ಪ್ಲಾಸ್ಟರ್ ಕಟ್ಟಿಸಿಕೊಂಡು ಹೊರಬಂದಳು. "ಅಹೋ ಶೇಠಜೀ, ಮನಸ್ಸಿಗೆ ಯಾಕೆ ಹಚ್ಚಿಕೊಳ್ತೀರಿ? ಲಟ್ಟಣಿಗೆ ಹಿಡಿಯೋದು ತಪ್ಪಿತು, ಇನ್ನು ನನ್ನ ಸೊಸೆ ಮಾಡಿದ ಚಪಾತಿ ತಿನ್ತೀನಿ!" ಮಾವ ತಲೆ ಎತ್ತಲಿಲ್ಲ. ಅವಳು ಬೈದಿದ್ದರೆ ನಾನಾದರೂ ತಲೆ ಎತ್ತುತ್ತಿದ್ದೆನೇನೋ.

ಗಣಪತಿ ಕೂರುವ ಹೊತ್ತಿಗೆ ನೆಲವೆಲ್ಲ ಒರಟಾಗಿತ್ತು. ಸುರಿಯುವ ಮಳೆಯಲ್ಲೂ ಕಾಲು ಗಟ್ಟಿಯಾಗಿ ನಿಲ್ಲುತ್ತಿತ್ತು. ಮೊದಲ ದಿನ ಬೆಳಿಗ್ಗೆ ಓಣಿಯ ಹಿರಿಯರು ಇಬ್ಬರು, ಹಿಂದೆ ಕಾಕು, ಎಲ್ಲರ ಮನೆಗಿಂತ ಮುಂಚೆ ನಮ್ಮ ಮನೆಗೆ ಬಂದರು. ಮೊದಲ ಆರತಿ ಶೇಠಜೀ ಕೈಯಿಂದಲೇ ಆಗಬೇಕಂತೆ.

ಅವರಿಗೆ ಮುಖ ತೋರಿಸಲಾರದೆ ಮಾವ ಒಳಗೆ ಕಂಬದ ಮರೆಗೆ ನಿಂತಿದ್ದರು. "ಸ್ನಾನ ಆಗಿಲ್ಲಂತ ಹೇಳವ್ವಾ," ಎಂದರು ಮೆಲ್ಲಗೆ. ಹಣೆಯ ವಿಭೂತಿ ಇನ್ನೂ ಹಸಿಯಿತ್ತು.

ನಾನು ಬಾಗಿಲಲ್ಲಿ ನಿಂತು ಅದನ್ನೇ ಮರಾಠಿಯಲ್ಲಿ ಹೇಳಿದೆ.

"ಆಗಲಿ, ಕಾಯ್ತೀವಿ," ಎಂದು ಅವರು ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತರು.

ಒಳಗೆ ಹೋದರೆ ಮಾವ ಬಚ್ಚಲಲ್ಲಿ ಮತ್ತೊಮ್ಮೆ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ಹೊರಗೆ ಆರತಿಯ ತಟ್ಟೆ ಕಾಯುತ್ತಿತ್ತು. ಹಂಡೆಯ ನೀರು ಮುಗಿದ ಮೇಲೂ ಅವರು ಹೊರಗೆ ಬರಲಿಲ್ಲ.