ಹಿಂದಿನ ಸೀಟಿನ ಅಳತೆ

ಹೋದ ಸೋಮವಾರ ಹುನಗುಂದದ ಪೆಟ್ರೋಲ್ ಬಂಕ್‌ನಲ್ಲಿ ಪಕ್ಕದ ಬೈಕಿನ ಮೇಲಿದ್ದ ಒಬ್ಬ ನನ್ನ ಗಾಡಿಯ ಸೀಟು ನೋಡಿ ನಕ್ಕ. ಮುಚ್ಚುಮರೆಯಿಲ್ಲ, ಅಷ್ಟೂ ಹಲ್ಲು ಕಾಣುವ ಹಾಗೆ.

"ಏನ್ರಿ ಯಜಮಾನ್ರ, ಊರ ಅಗಸಿ ಬಾಗ್ಲ ಕಟ್ಟಿ ಕಿತ್ತು ತಂದು ಗಾಡಿ ಮ್ಯಾಲ ಇಟ್ಟೀರೇನು? ಲುಕ್ಕೆಲ್ಲಾ ಹಾಳಾತಲ್ರಿ!"

ನಾನು ಗಾಡಿ ಸ್ಟ್ಯಾಂಡ್ ಹಾಕಿ ಇಳಿಯುವವನಿದ್ದೆ. ಹಿಂದೆ ಕೂತಿದ್ದ ನನ್ನ ಹೆಂಡತಿ ನೀಲವ್ವ ಅಂಗಿ ಹಿಡಿದು ಜಗ್ಗಿದಳು. ಅಲ್ಲಿ ಉಳಿದ ಸಿಟ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ತಡೆದುಕೊಳ್ಳಿ.

ನನ್ನ ಕಸುಬು ಹಳೆಯ ಓದುಗರಿಗೆ ಗೊತ್ತು. ಇಳಕಲ್‌ನಲ್ಲಿ ಪವರ್‌ಲೂಮ್ ರಿಪೇರಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಕೆಟ್ಟು ನಿಂತ ಮಗ್ಗದ ಸದ್ದು ಕೇಳಿ ಯಾವ ನಟ್ ಸಡಿಲಾಗಿದೆ ಅಂತ ಹೇಳುತ್ತೇನೆ. (ಕೊಚ್ಚಿಕೊಳ್ಳುತ್ತಿಲ್ಲ. ಬಂದು ಪರೀಕ್ಷೆ ಮಾಡಿ.) ಗುಜರಿಯಿಂದ ಹಳೆಯ ಬೈಕಿನ ಚಾಸಿ ತಂದು, ಎರಡು ವರ್ಷದ ಭಾನುವಾರಗಳನ್ನೆಲ್ಲ ಅದಕ್ಕೆ ಸುರಿದು, ಒಂದು ಗಾಡಿ ಕಟ್ಟಿದೆ. ಟ್ಯಾಂಕ್ ನನ್ನದು. ಹ್ಯಾಂಡಲ್ ನನ್ನದು. ಸೈಲೆನ್ಸರ್ ಬಾಗಿಸಿದ್ದು ನಾನೇ. ಸೀಟು ಮಾತ್ರ ಒಬ್ಬರದು.

"ಈ ಗಾಡಿ ನಿಮ್ಮೊಬ್ರದ ಏನ್ರಿ?" ಅಂದಳು ನೀಲವ್ವ.

ಮಾತು ತಾಗಿತು. ಇಬ್ಬರ ಸೀಟು ಮಾಡಲು ಕೂತೆ. ತಗಡು ಬಡಿದು ತಳ ಮಾಡಿದೆ, ಎರಡು ಪದರ ಫೋಮ್ ಕೊರೆದು ಅಂಟಿಸಿದೆ. ಮೊಬೈಲ್‌ನಲ್ಲಿ ನೋಡಿದ ಹಾಗೆ ಹಿಂದಿನ ಭಾಗ ಎತ್ತರ, ಕಿರಿದು, ಅಂಚಿಗೆ ಇಳಿಜಾರು. ಮೇಲೆ ಮುಖ ಕಾಣುವಷ್ಟು ಹೊಳೆಯುವ ಕರಿ ರೆಕ್ಸಿನ್. ಕುಶನ್ ಅಂಗಡಿಯ ಗೆಳೆಯ ಮಹಬೂಬ ಕೆಂಪು ದಾರದಲ್ಲಿ ಹೊಲಿಗೆ ಹಾಕಿ ಕೊಟ್ಟ. ಟ್ರಯಲ್‌ಗೆ ಅವನನ್ನೇ ಹಿಂದೆ ಕೂರಿಸಿಕೊಂಡು ಊರು ಸುತ್ತಿದೆ.

"ಸೋಫಾ ಐತಿ ಲೇ ಇದು! ನಿದ್ದಿ ಬರಾಕತ್ತೈತಿ!"

ಸರ್ಟಿಫಿಕೇಟ್ ಸಿಕ್ಕಿತು. ಇನ್ನೇನು ಬೇಕು?

ನೀಲವ್ವ ಮೊದಲ ಸಲ ಕೂತು ಬಂದಾಗ "ಜಾರತೈತ್ರಿ" ಅಂದಳು. "ಹೊಸಾದೈತಿ, ಹೊಂದ್ಕೊಂತೈತಿ ಬಿಡು" ಅಂದೆ. ಎರಡನೇ ಸಲವೂ ಅಂದಳು, ನಾನೂ ಅದನ್ನೇ ಅಂದೆ. ಮೂರನೇ ಸಲ ಅವಳು ಏನೂ ಹೇಳಲಿಲ್ಲ. ಹೇಳುವುದನ್ನೇ ಬಿಟ್ಟಿದ್ದಳು. ಹೊಂದಿಕೊಂಡಳು ಅಂತ ನಾನು ತಿಳಿದೆ.

ಮೂರು ತಿಂಗಳ ಹಿಂದೆ ಪಟ್ಟದಕಲ್ಲಿನಲ್ಲಿ ಅವಳ ತಂಗಿಯ ಮಗಳ ಕುಬಸ. ಬಸುರಿ ಹುಡುಗಿಗೆ ಸೀರೆ, ಕುಪ್ಪಸದ ಖಣ, ಹಸಿರು ಬಳೆ, ಡಬ್ಬಿ ತುಂಬಾ ತಿಂಡಿ. ಎಲ್ಲ ಒಂದು ಚೀಲದಲ್ಲಿ, ಚೀಲ ಅವಳ ತೊಡೆಯ ಮೇಲೆ, ಎರಡೂ ಕೈ ಚೀಲದ ಮೇಲೆ. ಉಟ್ಟದ್ದು ರೇಷ್ಮೆಯ ಇಳಕಲ್ ಸೀರೆ. ನಮ್ಮ ಕಡೆಯ ಹೆಣ್ಣುಮಕ್ಕಳು ಕೂರುವ ಹಾಗೆ, ಎರಡೂ ಕಾಲು ಎಡಕ್ಕೆ.

ಅಮೀನಗಡ ಇನ್ನೇನು ಬಂತು ಅನ್ನುವಾಗ ಒಂದು ಹಂಪ್. ಬ್ರೇಕ್ ಹಾಕಿದೆ. ಜೋರಾಗಿ ಹಾಕಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಗಾಡಿ ಹಿಂದೆ ಹಗುರಾಯಿತು.

ತಿರುಗಿ ನೋಡಿದರೆ ಅವಳು ರಸ್ತೆಯ ಮೇಲೆ. ಬಳೆ ಚೂರು ಚೂರು. ಹೆಲ್ಮೆಟ್ ನನ್ನ ತಲೆಯ ಮೇಲಿತ್ತು. ಅವಳ ತಲೆಯ ಮೇಲೆ? ಬರೀ ಸೆರಗು. ಆಗ ನನ್ನ ಬಾಯಿಂದ ಬಂದ ಮೊದಲ ಮಾತು ಯಾವುದು ಗೊತ್ತೇನು?

"ಗಟ್ಟ್ಯಾಗಿ ಹಿಡ್ಕೊಳ್ಳಾಕ ಏನಾಗಿತ್ತು ನಿನಗ?"

ಪೆಟ್ಟಾಯಿತೇನು ಅಂತ ಕೇಳಲಿಲ್ಲ. ಮೊದಲು ಬೈದೆ. ಕೂಡಿದ ಜನ ನನಗಿಂತ ಜಾಣರು. "ಸೀರಿ ಉಟ್ಕೊಂಡು ಹಿಂಗ ಕುಂತ್ರ ಬೀಳೂದ ಅಲ್ರಿ," ಒಬ್ಬ. "ಎರಡೂ ಕಡಿ ಕಾಲ್ ಹಾಕಿ ಕುಂದರ್ಬೇಕವಾ," ಇನ್ನೊಬ್ಬ. ದವಾಖಾನೆಯಲ್ಲಿ ಬ್ಯಾಂಡೇಜ್ ಸುತ್ತುವವನೂ ಅವಳನ್ನೇ ಕೇಳಿದ, "ಲಕ್ಷ್ಯ ಎಲ್ಲಿತ್ತವಾ?" ಸೀರೆಯದು ತಪ್ಪು, ಕೂತದ್ದು ತಪ್ಪು, ಲಕ್ಷ್ಯ ತಪ್ಪು. ಸೀಟು ಮಾಡಿದವನ ಹೆಸರು ಒಬ್ಬರೂ ಎತ್ತಲಿಲ್ಲ!

ಎಡಗೈ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿತ್ತು. ಕುಬಸಕ್ಕೆ ಹೋಗುವುದು ತಪ್ಪಿತು. ಮನೆಗೆ ಬಂದು ಆಕೆ ಒಂದೇ ಮಾತು ಹೇಳಿದಳು.

"ನಿಮ್ಮ ಗಾಡಿ ನಾ ಇನ್ನ ಹತ್ತಂಗಿಲ್ಲ."

ನನ್ನ ಕೈಕೆಲಸದಲ್ಲಿ ತಪ್ಪು ಹುಡುಕಿದರೆ ನನಗೆ ತಡೆಯುವುದಿಲ್ಲ. ಆದರೂ ಒಂದು ವಾರ ನುಂಗಿಕೊಂಡೆ, ಆಮೇಲೆ "ಸೀಟಿನ್ಯಾಗ ಏನ್ ತಪ್ಪೈತಿ, ತೋರ್ಸು" ಅಂತ ಚೀರಿದೆ. ಅವಳು ಬಿದ್ದ ದಿನ ಉಟ್ಟಿದ್ದ ಅದೇ ಸೀರೆಯನ್ನು ತಂದಳು. ಒಗೆದು ಮಡಚಿ ಇಟ್ಟಿದ್ದಳು. ಬಲಗೈಯಿಂದ ಹಿಂದಿನ ಸೀಟಿನ ಮೇಲೆ ಇಟ್ಟು, ಕೈ ಬಿಟ್ಟಳು.

ಸೀರೆ ತಾನಾಗಿಯೇ ಜಾರಿತು. ನಿಧಾನಕ್ಕೆ, ನನ್ನ ಕಣ್ಣೆದುರೇ, ಜಾರಿ ಕೆಳಗೆ ಬಿತ್ತು. ಗಾಡಿ ಸ್ಟ್ಯಾಂಡ್ ಮೇಲೆ ನಿಂತಿತ್ತು. ಹಂಪ್ ಇಲ್ಲ, ಬ್ರೇಕ್ ಇಲ್ಲ.

"ಮಹಬೂಬಣ್ಣ ಪ್ಯಾಂಟ್ ಹಾಕ್ಕೊಂಡು ಕುಂತಿದ್ದ," ಅಂದಳು. "ನಾ ಯಾವಾಗ ಪ್ಯಾಂಟ್ ಹಾಕ್ಕೊಂಡೇನ್ರಿ?"

ಹುಟ್ಟಿದಾಗಿನಿಂದ ಸೀರೆಯ ನಡುವೆಯೇ ಇದ್ದೇನೆ. ರೇಷ್ಮೆ ಎಷ್ಟು ನುಣುಪು ಅಂತ ನನ್ನ ಬೆರಳಿಗೆ ಗೊತ್ತು. ಗಾಡಿಯ ಅಳತೆ ತೆಗೆದೆ, ನನ್ನ ಅಳತೆ ತೆಗೆದೆ, ಮಹಬೂಬನ ಅಳತೆಯೂ ಸಿಕ್ಕಿತು. ಯಾರ ಮಾತಿಗೆ ಆ ಸೀಟು ಮಾಡಲು ಕೂತೆನೋ ಅವಳ ಅಳತೆ? ಇದಕ್ಕೆ ಓದು ಕಡಿಮೆ ಅಂತ ನೆಪ ಹೇಳಲು ಬರುವುದಿಲ್ಲ. ಕಂಪನಿಯಲ್ಲಿ ಕೂತು ಗಾಡಿಯ ಚಿತ್ರ ಬರೆಯುವವರು ಬೇಕಾದಷ್ಟು ಓದಿದ್ದಾರಲ್ಲ? ಇಳಕಲ್ ಬಸ್ ಸ್ಟ್ಯಾಂಡ್ ಮುಂದೆ ಹತ್ತು ನಿಮಿಷ ನಿಲ್ಲಿ. ಹೊಸ ಹೊಸ ಬೈಕುಗಳ ಹಿಂದೆ ಅಂಗೈಯಗಲದ ಸೀಟು, ಅದೂ ಮುಗಿಲಿಗೆ ಎದ್ದದ್ದು. ಅದರ ಮೇಲೆ ಸೀರೆಯವಳು, ತೊಡೆಯ ಮೇಲೆ ಕೂಸು, ಒಂದು ಕೈ ಗಂಡನ ಹೆಗಲಿಗೆ. ಆ ಚಿತ್ರ ಬರೆದವನು ತನ್ನ ತಾಯಿಯನ್ನು ಒಂದು ದಿನ ಅದರ ಮೇಲೆ ಕೂರಿಸಿ ನೋಡಲಿ.

ಅವತ್ತು ನೀಲವ್ವ ಇನ್ನೊಂದನ್ನೂ ಹೇಳಿದಳು. ನಮ್ಮ ಅಡುಗೆಮನೆಯ ಕಟ್ಟೆಯನ್ನು ಗೌಂಡಿ ತನ್ನ ಸೊಂಟದ ಅಳತೆಗೆ ಕಟ್ಟಿದ್ದನಂತೆ. ಇಷ್ಟೂ ವರ್ಷ ಅವಳು ಹಲಗೆಯ ಮೇಲೆ ನಿಂತು ರೊಟ್ಟಿ ಬಡಿದಿದ್ದಾಳೆ. ಆ ಹಲಗೆಯನ್ನು ದಿನಾ ನೋಡುತ್ತಿದ್ದೆ. ಯಾಕಿದೆ ಅಂತ ಕೇಳಿರಲಿಲ್ಲ.

ಪ್ಲಾಸ್ಟರ್ ತೆಗೆದ ಮೇಲೆ ಹಳೆಯ ಸೀಟು ಕಿತ್ತು ಬಿಸಾಕಿದೆ. ಗಾಡಿಯ ಮೇಲೆ ಬರೀ ಹಲಗೆ ಇಟ್ಟು ಅವಳನ್ನು ಕರೆದೆ. ಬರಲಿಲ್ಲ. ಮೂರು ದಿನ ಕರೆದೆ. ನಾಲ್ಕನೇ ದಿನ ಸೀರೆ ಉಟ್ಟು ಬಂದು ಕೂತಳು, ತೊಡೆಯ ಮೇಲೆ ಚೀಲ ಸಮೇತ. ನಾನು ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದೆ. ಎಡಕ್ಕೆ ಅಗಲ ಬೇಕು ಅಂದಳು, ಕೊಟ್ಟೆ. ಎರಡೂ ಪಾದ ಊರಲು ಪಟ್ಟಿ, ಹಿಡಿಯಲು ಬಲಗೈಗೆ ಸಿಗುವ ಕಬ್ಬಿಣದ ಹಿಡಿಕೆ. ಬಟ್ಟೆ ಆರಿಸಲು ಮಹಬೂಬನ ಅಂಗಡಿಗೆ ಅವಳೇ ಬಂದಳು. ಒಂದೊಂದು ತುಂಡಿನ ಮೇಲೂ ಸೆರಗು ಎಳೆದು ನೋಡಿ, ಕೊನೆಗೆ ಒರಟು ಕ್ಯಾನ್ವಾಸ್ ತೋರಿಸಿದಳು.

"ವೈನಿ, ಇದನ್ನ ಹಾಕಿದ್ರ ಗಾಡಿ ಎತ್ತಿನ ಚಕ್ಕಡಿ ಕಂಡಂಗ ಕಾಣ್ತೈತ್ರಿ," ಅಂದ ಮಹಬೂಬ.

"ಚಕ್ಕಡಿಯಿಂದ ನಾ ಯಾವತ್ತೂ ಬಿದ್ದಿಲ್ಲಪಾ."

ಹೆಲ್ಮೆಟ್ಟೂ ಅವಳೇ ಆರಿಸಿದಳು. ಹೋದ ಸೋಮವಾರ ಪಟ್ಟದಕಲ್ಲಿಗೆ ಹೋಗಿ, ಹುಟ್ಟಿದ ಕೂಸನ್ನು ನೋಡಿ ಬಂದೆವು. ಅಮೀನಗಡದ ಆ ಹಂಪ್ ಹೋಗುವಾಗಲೂ ದಾಟಿದೆ, ಬರುವಾಗಲೂ ದಾಟಿದೆ. ಎರಡು ಸಲವೂ ಹಿಂದೆ ತಿರುಗಿ ನೋಡಿದೆ. ಅವಳು ಕದಲಲಿಲ್ಲ.

ಆಮೇಲೆ ಆ ಬಂಕ್, ಆ ನಗು. ನೀಲವ್ವ ನನ್ನ ಅಂಗಿ ಬಿಡದೆಯೇ ಅವನಿಗೆ ಹೇಳಿದಳು, "ಲುಕ್ಕಿನ ಮ್ಯಾಲ ನೀ ಕುಂದರಂಗಿಲ್ಲಲ್ಲಪಾ, ನಿನ್ನ ಹಿಂದಿನಾಕಿ ಕುಂದರ್ತಾಳ."

ಆಗಲೇ ನಾನು ನೋಡಿದ್ದು. ಅವನ ಹಿಂದೆ, ಎತ್ತರದ ಸೀಟಿನ ತುದಿಯಲ್ಲಿ, ಒಬ್ಬ ಹೆಣ್ಣುಮಗಳು. ಮಡಿಲಲ್ಲಿ ಕೂಸು. ಅವಳು ನಕ್ಕಿರಲಿಲ್ಲ. ನಮ್ಮ ಸೀಟನ್ನೇ, ಆ ಹಿಡಿಕೆಯನ್ನೇ ನೋಡುತ್ತಿದ್ದಳು.

"ಅಕ್ಕಾರ, ಇದನ್ನ ಎಲ್ಲಿ ಮಾಡಿಸಿದ್ರಿ?" ಅಂದಳು, ಸಣ್ಣ ದನಿಯಲ್ಲಿ.

ನೀಲವ್ವ ಬಾಯಿ ತೆರೆಯುವಷ್ಟರಲ್ಲಿ ಅವನು ಎಕ್ಸಲರೇಟರ್ ತಿರುವಿದ. ಗಾಡಿ ಹೋಯಿತು.

ಅವಳು ಕೇಳಿದ್ದು ಅವನಿಗೆ ಕೇಳಿಸಿರಲಿಕ್ಕಿಲ್ಲ. ನಿಮ್ಮ ಹಿಂದೆ ಕೂತವಳು ಕೊನೆಯ ಸಲ ಏನು ಹೇಳಿದಳು, ನಿಮಗಾದರೂ ನೆನಪಿದೆಯಾ?