ಕಟ್ಟೀಮನಿ ಮಾಸ್ತರರು ಬರೆದ ಅಪ್ಪ

ಕಟ್ಟೀಮನಿ ಮಾಸ್ತರರ ಕೈಗೆ ನಮ್ಮ ರಬ್ಬರ್ ಸಿಕ್ಕಿತೋ, ಸೀದಾ ಕಿಟಕಿಯಿಂದ ಹೊರಗೆ! "ತಪ್ಪು ಗೆರಿ ಅಳಸಬ್ಯಾಡ. ಇರಲಿ, ನಿನ್ನ ನೋಡಿ ನಗಲಿ" ಎನ್ನುತ್ತಿದ್ದರು. ರಾಣೆಬೆನ್ನೂರಿನ ಅವರ ಪಡಸಾಲೆಯಲ್ಲಿ ನಾವು ಐದಾರು ಮಂದಿ ಭಾನುವಾರ ಚಿತ್ರ ಕಲಿಯುತ್ತಿದ್ದೆವು. ಇನ್ನೂರು ವರ್ಷದ ಹಿಂದೆ ಫ್ರಾನ್ಸಿನವರು ಬರೆದ ಪೆನ್ಸಿಲ್ ಚಿತ್ರಗಳ ಒಂದು ಪುಸ್ತಕವೇ ಅವರಿಗೆ ದೇವರು. ಗ್ರೀಕ್ ಮೂರ್ತಿಗಳಂತೆ ನಿಂತ ಮೈಗಳು. ಬೆರಳಿಂದ ತಿಕ್ಕಿದ ನೆರಳಿಲ್ಲ. ಹೆಗಲಿಂದ ಹಿಮ್ಮಡಿವರೆಗೆ ಸೂಜಿಮೊನೆಯ ಪೆನ್ಸಿಲಿನ ಒಂದೇ ಗೆರೆ.

ಆದರೆ ಅಂಗಿ ಕಳಚಿ ತಾಸುಗಟ್ಟಲೆ ಎದುರು ನಿಲ್ಲುವವರು ನಮ್ಮೂರಲ್ಲಿ ಯಾರು? ನಾನೇ ಅಪ್ಪನನ್ನು ಕರೆತಂದೆ. ಅಪ್ಪ ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲ. ಮೆಣಸಿನಕಾಯಿ ಚೀಲ ಹೊತ್ತೂ ಹೊತ್ತೂ ಅವನ ಎಡಹೆಗಲು ಮೂರು ಬೆರಳಿನಷ್ಟು ಇಳಿದಿತ್ತು. ಧೋತರ ಬಿಗಿದು ನಿಂತ ಅವನನ್ನು ಕಂಡು ಮಾಸ್ತರರು ಕುಣಿಯುವುದೊಂದು ಬಾಕಿ.

"ಏನ್ ಮೈಕಟ್ರೀ ಬಸಣ್ಣಾರ! ಪುಸ್ತಕದಾಗಿಂದ ಎದ್ದು ಬಂದಂಗ ಅದೀರಿ."

ಎರಡು ತಾಸಿನ ಮೇಲೆ ಹಾಳೆ ತೋರಿಸಿದರು. ಚಿತ್ರ ಚೆಲುವಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಎರಡೂ ಹೆಗಲು ಸಮ! ಅಪ್ಪ ಬಹಳ ಹೊತ್ತು ನೋಡಿದ.

"ಛಲೋ ಐತ್ರಿ ಮಾಸ್ತರ. ಯಾರಿಂವ?"

ನನಗೆ ಮೈಯೆಲ್ಲ ಉರಿಯಿತು. "ನಮ್ಮಪ್ಪನ ಹೆಗಲು ಬರಿಯಾಕ ನಿಮಗ ನಾಚಿಕಿ ಬಂತೇನ್ರಿ ಸರ್?" ಎಂದೆ, ಎಲ್ಲರೆದುರಿಗೇ.

ಮಾಸ್ತರರ ಮುಖ ಸಣ್ಣದಾಯಿತು. "ಕೈ ರೂಢಿ, ತಂಗಿ... ತನ್ನಷ್ಟಕ್ಕ ತಾನ ಸರಿ ಮಾಡಿಬಿಟ್ಟೈತಿ. ಇನ್ನೊಮ್ಮೆ ಕರಕೊಂಡು ಬಾ."

ಹಟಮಾರಿ ನಾನು. ಕರೆದೊಯ್ಯಲಿಲ್ಲ, ಆಮೇಲೆ ಕಲಿಯಲೂ ಹೋಗಲಿಲ್ಲ.

ಈಗ ಹಾವೇರಿಯಲ್ಲಿ ನಾನೇ ಚಿತ್ರ ಕಲಿಸುತ್ತೇನೆ. ಹೋದ ವರ್ಷ, ಮಾಸ್ತರರ ಕಣ್ಣು ಪೂರಾ ಹೋಗಿದೆ ಎಂದು ಕೇಳಿ ಅಪ್ಪನೇ ಹೊರಟ. "ನಡಿ, ಎಷ್ಟು ವರ್ಷ ಸಿಟ್ಟು ಮಾಡ್ತಿ?" ಎಂದು ನನ್ನನ್ನೂ ಎಳೆದುಕೊಂಡು ಹೋದ.

ಮಾಸ್ತರರು ದನಿಯಲ್ಲೇ ಗುರುತು ಹಿಡಿದರು. ಅಪ್ಪ ಅಂಗಿ ಕಳಚಿ ಮಂಚದ ಮೇಲೆ ಪಕ್ಕಕ್ಕೆ ಕೂತು, ಅವರ ಕೈ ಹಿಡಿದು ತನ್ನ ಎಡಹೆಗಲ ಮೇಲಿಟ್ಟ. ಬೆರಳುಗಳು ಕೊರಳಿಂದ ನಿಧಾನವಾಗಿ ಜಾರಿ, ಗಂಟುಗಟ್ಟಿದ ಚರ್ಮದ ಮೇಲೆ ನಿಂತವು.

"ಇಷ್ಟು ಇಳದೈತೇನ್ರಿ... ಕಣ್ಣಿದ್ದಾಗ ನೋಡಲೇ ಇಲ್ಲಲ್ರಿ ನಾ!" ಎಂದು ಅತ್ತುಬಿಟ್ಟರು.

ತಪ್ಪಾಯಿತು ಎಂದು ನಾನೂ ಹೇಳಬೇಕಿತ್ತು. ಮುಂದಿನ ವಾರ ಬಂದು ಹೇಳಿದರಾಯಿತು ಎಂದುಕೊಂಡೆ.

ಮುಂದಿನ ವಾರ ಹೋದದ್ದು ಅವರ ಮಣ್ಣಿಗೆ. ವಯಸ್ಸಾಗಿದೆ, ಬೇಡ ಎಂದು ಎಲ್ಲರೂ ತಡೆದರೂ ಅಪ್ಪ ಕೇಳಲಿಲ್ಲ. ಚಟ್ಟಕ್ಕೆ ಎಡಹೆಗಲು ಕೊಟ್ಟ. ನಾನು ಅಳುತ್ತ ಹಿಂದೆ ನಡೆದೆ. ದಾರಿಯುದ್ದಕ್ಕೂ ಮಾಸ್ತರರು ಅಪ್ಪನ ಕಡೆಗೆ ಮೂರು ಬೆರಳಿನಷ್ಟು ವಾಲಿಕೊಂಡೇ ಹೋದರು.